ಕರೆಂಟ್ ಹೋದರೂ ಕಳೆಯದ ಲೆಕ್ಕ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರು ನೀವಾಗಿದ್ದರೆ ಕಬ್ಬಿನ ಹಂಗಾಮಿನ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲು. ಗಾಡಿ ಕಾಟಾ ಹತ್ತುತ್ತದೆ, ತೂಕ ಗಣಕಯಂತ್ರಕ್ಕೆ ಸೇರುತ್ತದೆ, ರೈತನ ಕೈಗೆ ಚೀಟಿ ಬರುತ್ತದೆ. ಚೀಟಿ ಕೊಟ್ಟ ಮರುಕ್ಷಣವೇ ಕರೆಂಟ್ ಹೋಯಿತೆಂದು ಭಾವಿಸಿ. ಯಂತ್ರ ಮತ್ತೆ ಎದ್ದಾಗ ಆ ತೂಕ ಅದಕ್ಕೆ ನೆನಪಿರುತ್ತದೆಯೇ? ವರ್ಷದ ಬೆಳೆಯ ಪ್ರಶ್ನೆ ಇದು.

ಮಾಹಿತಿಯನ್ನೆಲ್ಲ ಮುಖ್ಯ ಮೆಮರಿಯಲ್ಲೇ ಇಟ್ಟುಕೊಳ್ಳುವ ದತ್ತಸಂಚಯಗಳಲ್ಲಿ ಈ ಭಯ ಹೆಚ್ಚು. ತಿರುಗುವ ಡಿಸ್ಕಿನಲ್ಲಿ ಒಂದು ನಮೂದನ್ನು ತಲುಪಲು ಕೆಲವು ಮಿಲಿಸೆಕೆಂಡು ಬೇಕು. ಮೆಮರಿಯಲ್ಲಿ ಸುಮಾರು 100 ನ್ಯಾನೊಸೆಕೆಂಡು ಸಾಕು. ಆದರೆ ಕರೆಂಟ್ ಹೋದರೆ ಮೆಮರಿ ಬರಿದು.

ಪರಿಹಾರ ನಿಪ್ಪಾಣಿಯ ತಂಬಾಕು ಪೇಟೆಯ ಹಳೆಯ ಗುಮಾಸ್ತರಿಗೂ ಅರ್ಥವಾಗುವಂಥದು. ವ್ಯವಹಾರ ಮೊದಲು ಕಿರ್ದಿಗೆ, ಆಮೇಲೆ ಖಾತೆಗೆ. ಇಲ್ಲಿ ಖಾತೆ ಮೆಮರಿಯಲ್ಲಿದೆ, ಕಿರ್ದಿ ಡಿಸ್ಕಿನಲ್ಲಿ. ಅದನ್ನು 'ಲಾಗ್' ಎನ್ನುತ್ತಾರೆ. ನಮೂದು ಡಿಸ್ಕಿಗೆ ಸೇರುವ ತನಕ ಚೀಟಿ ಕೊಡಕೂಡದು. ನಿಯಮ ಇಷ್ಟೇ, ಆದರೆ ಕಟ್ಟುನಿಟ್ಟು.

ಹಾಗಾದರೆ ಹಂಗಾಮಿನ ಮೊದಲ ದಿನದಿಂದ ಕಿರ್ದಿ ಓದುತ್ತ ಕೂರಬೇಕೇ? ಬೇಡ. ಆಗಾಗ ಖಾತೆಯ ಪೂರ್ಣ ಪ್ರತಿಯನ್ನು ಡಿಸ್ಕಿಗೆ ಇಳಿಸಿದರೆ, ಅಲ್ಲಿಂದ ಮುಂದಿನ ಕಿರ್ದಿ ಓದಿದರೆ ಸಾಕು. ಇದೇ 'ಚೆಕ್‌ಪಾಯಿಂಟ್'. 'ಸ್ಯಾಪ್ ಹಾನಾ'ದಲ್ಲಿ ಇದರ ಮೂಲ ಅಂತರ 300 ಸೆಕೆಂಡು.

ತೊಡಕಿರುವುದು ಇಲ್ಲಿ. ಪ್ರತಿ ಇಳಿಸುವಾಗ ಕಾಟಾ ನಿಲ್ಲಿಸಲಾಗದು. ಹಾಗಾಗಿ ಪ್ರತಿಯ ಕೆಲವು ಪುಟ ಹಳೆಯವು, ಕೆಲವು ಹೊಸವು ಆಗಬಹುದು. ಚಿಂತೆಯಿಲ್ಲ, ಪ್ರತಿ ಇಳಿಸಲು ಶುರುಮಾಡಿದ ಕ್ಷಣದಿಂದ ಕಿರ್ದಿಯನ್ನು ಮತ್ತೆ ಓದಿಸಿದರಾಯಿತು. ಆದರೆ ಕಿರ್ದಿಯಲ್ಲಿ '12 ಟನ್ ಕೂಡಿಸು' ಎಂದಿದ್ದು, ಪುಟದಲ್ಲಿ ಆಗಲೇ ಕೂಡಿಸಿಯಾಗಿದ್ದರೆ? ರೈತನಿಗೆ 24 ಟನ್! 'ಮೊತ್ತ ಈಗ 112 ಟನ್' ಎಂದು ಬರೆದಿದ್ದರೆ ಹತ್ತು ಸಲ ಓದಿಸಿದರೂ 112 ಟನ್ನೇ. ನನಗೆ ಈ ವಿಷಯದಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಇದು.

ಪ್ರತಿ ಇಳಿಸುವಾಗಲೇ ಕರೆಂಟ್ ಹೋದರೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಹಳೆಯ ಪ್ರತಿಯ ಮೇಲೆಯೇ ಬರೆಯುತ್ತಿದ್ದರೆ ಎರಡೂ ಹಾಳು. ಅದಕ್ಕೇ 1994ರಲ್ಲಿ ಬೆಲ್ ಲ್ಯಾಬ್ಸ್‌ನ ಸಂಶೋಧಕರು ವಿವರಿಸಿದ 'ಡಾಲಿ' ವ್ಯವಸ್ಥೆ ಎರಡು ಪ್ರತಿಗಳನ್ನಿಟ್ಟು, ಒಮ್ಮೆ ಒಂದಕ್ಕೆ, ಮತ್ತೊಮ್ಮೆ ಇನ್ನೊಂದಕ್ಕೆ ಬರೆಯುತ್ತಿತ್ತು.

2009ರಲ್ಲಿ ಬಂದ 'ರೆಡಿಸ್'ನಲ್ಲಿ ಕಿರ್ದಿಯನ್ನು ಸೆಕೆಂಡಿಗೊಮ್ಮೆ ಡಿಸ್ಕಿಗೆ ಗಟ್ಟಿಮಾಡುವ ಏರ್ಪಾಡಿದೆ. ಕೆಲಸ ವೇಗ, ಆದರೆ ಕೊನೆಯ ಒಂದು ಸೆಕೆಂಡಿನ ನಮೂದು ಹೋಗಬಹುದು. ಪ್ರತಿ ನಮೂದನ್ನೂ ಗಟ್ಟಿಮಾಡುವಂತೆ ಹೊಂದಿಸಿದರೆ ಕೆಲಸ ನಿಧಾನ. ಕಬ್ಬಿನ ಕಾಟಾಕ್ಕೆ ಎರಡನೆಯದೇ ಸರಿ. ಗಾಡಿ ಹತ್ತಿ ಇಳಿಯುವುದಕ್ಕೆ ಹಿಡಿಯುವ ಹೊತ್ತಿನ ಮುಂದೆ ಆ ಕೆಲವು ಮಿಲಿಸೆಕೆಂಡು ಯಾರ ಲೆಕ್ಕಕ್ಕೂ ಬಾರದು.