ಸದಸ್ಯತ್ವ ದಾಖಲೆಯಲ್ಲಿ ವಿದೇಶಿ ದೂರವಾಣಿ ಸಂಖ್ಯೆ: ಬರೆದಿಡುವ ಸರಿಯಾದ ಕ್ರಮ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ವ್ಯವಹಾರಕ್ಕೆ ಹೊರದೇಶದ ನಂಟು ಹೊಸದೇನಲ್ಲ. ಇಳಕಲ್‌ನ ಸೀರೆ ಮತ್ತು ಗ್ರಾನೈಟ್ ಶಿಲೆಗೆ ಕಡಲಾಚೆಯಲ್ಲಿಯೂ ಗ್ರಾಹಕರಿದ್ದಾರೆ. ಬಾದಾಮಿಗೆ ಗುಹಾಲಯಗಳನ್ನು ನೋಡಲು ಬರುವವರಲ್ಲದೆ ಅಲ್ಲಿನ ಮರಳುಗಲ್ಲಿನ ಬಂಡೆಗಳನ್ನು ಏರಲು ಬರುವ ವಿದೇಶಿ ತರುಣರೂ ಇದ್ದಾರೆ. ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಲ್ಲಿರುವ ತಂದೆಯ ಮಗ ಊರಿನ ಸ್ಕೌಟ್ ದಳದಲ್ಲಿಯೋ ಕ್ರೀಡಾ ಸಂಘದಲ್ಲಿಯೋ ಸದಸ್ಯನಾಗಿರುವುದೂ ಉಂಟು. ಇಂಥ ಸಂಘಗಳ ಲೆಕ್ಕಪತ್ರ ಮತ್ತು ಸದಸ್ಯತ್ವ ದಾಖಲೆಯ ಹೊಣೆ ಅನೇಕ ವೇಳೆ ಊರಿನ ವರ್ತಕರ ಮೇಲೆಯೇ ಬೀಳುತ್ತದೆ. ಆದರೆ ಬಳಕೆಯಲ್ಲಿರುವ ಎಷ್ಟೋ ತಂತ್ರಾಂಶಗಳು ಹತ್ತು ಅಂಕಿಗಳ ಭಾರತೀಯ ಸಂಖ್ಯೆಯನ್ನು ಮಾತ್ರ ಸ್ವೀಕರಿಸುತ್ತವೆ. ಈ ಸಣ್ಣ ಕೊರತೆಯಿಂದಾಗುವ ಹಾನಿ ಸಣ್ಣದಲ್ಲ.

ಹತ್ತು ಅಂಕಿಯ ತೊಡಕು

ಭಾರತದ ಮೊಬೈಲ್ ಸಂಖ್ಯೆ ಹತ್ತು ಅಂಕಿಗಳದ್ದು. ಅದು 6, 7, 8 ಅಥವಾ 9ರಿಂದ ಆರಂಭವಾಗುತ್ತದೆ. ತಂತ್ರಾಂಶವು ಇದಿಷ್ಟನ್ನೇ ಪರಿಶೀಲಿಸಿದರೆ ಮೂರು ಬಗೆಯ ತಪ್ಪುಗಳು ಸದ್ದಿಲ್ಲದೆ ಒಳನುಸುಳುತ್ತವೆ.

ಮೊದಲನೆಯದು ಊರಿನದೇ ಉದಾಹರಣೆ. ಬಾಗಲಕೋಟೆಯ ಎಸ್‌ಟಿಡಿ ಸಂಕೇತ 08354, ಬಾದಾಮಿಯದು 08357, ಹುನಗುಂದ ಹಾಗೂ ಇಳಕಲ್‌ನದು 08351. ಸ್ಥಿರ ದೂರವಾಣಿಯ ಮೊದಲ ಸೊನ್ನೆಯನ್ನು ತೆಗೆದರೆ ಉಳಿಯುವುದು 8ರಿಂದ ಆರಂಭವಾಗುವ ಹತ್ತು ಅಂಕಿ. ತಂತ್ರಾಂಶ ಅದನ್ನು ಮೊಬೈಲ್ ಎಂದೇ ಭಾವಿಸಿ ಕಿರುಸಂದೇಶ ಕಳುಹಿಸುತ್ತದೆ. ಅದು ಯಾರಿಗೂ ತಲುಪುವುದಿಲ್ಲ.

ಎರಡನೆಯದು ಅಮೆರಿಕದ ಸಂಖ್ಯೆ. ಅಲ್ಲಿಯೂ ದೇಶ ಸಂಕೇತವಾದ 1ನ್ನು ಬಿಟ್ಟರೆ ಹತ್ತೇ ಅಂಕಿ. ನ್ಯೂಜೆರ್ಸಿಯ ಒಂದು ಪ್ರದೇಶ ಸಂಕೇತ 732, ಡಲ್ಲಾಸ್‌ನ ಒಂದು ಸಂಕೇತ 972. ದೇಶ ಸಂಕೇತವಿಲ್ಲದೆ ಬರೆದುಕೊಂಡರೆ ಇವೂ ಭಾರತದ ಮೊಬೈಲ್ ಸಂಖ್ಯೆಗಳಂತೆಯೇ ಕಾಣುತ್ತವೆ.

ಮೂರನೆಯದು ಸಿಂಗಾಪುರದ್ದು. ಅದರ ದೇಶ ಸಂಕೇತ 65, ಸಂಖ್ಯೆ ಎಂಟು ಅಂಕಿ. ಅಧಿಕ ಚಿಹ್ನೆ ಬಿಟ್ಟುಹೋದರೆ ಒಟ್ಟು ಹತ್ತು ಅಂಕಿಯಾಗಿ, 6ರಿಂದ ಆರಂಭವಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.

ಸಂಖ್ಯೆ ತಿರಸ್ಕೃತವಾದರೆ ಕನಿಷ್ಠ ಪಕ್ಷ ಗುಮಾಸ್ತನಿಗೆ ತಿಳಿಯುತ್ತದೆ. ತಪ್ಪಾಗಿ ಸ್ವೀಕೃತವಾದರೆ ಬಾಕಿ ಹಣದ ನೆನಪೋಲೆ, ಬಿಲ್ಲಿನ ವಿವರ ಅಥವಾ ಮಗುವಿನ ಶಿಬಿರದ ಸೂಚನೆ ಇಲ್ಲಿಯೇ ಇರುವ ಯಾರೋ ಅಪರಿಚಿತರ ಕೈಸೇರುತ್ತದೆ. ಬಂಡೆ ಏರುವಾಗ ಜಾರಿ ಗಾಯಗೊಂಡ ತರುಣನ ಮನೆಯವರಿಗೆ ಕರೆ ಮಾಡಬೇಕಾದ ಹೊತ್ತಿನಲ್ಲಿ ಈ ತಪ್ಪು ಬೆಳಕಿಗೆ ಬಂದರೆ ಪ್ರಯೋಜನವಿಲ್ಲ.

ಅಂತರರಾಷ್ಟ್ರೀಯ ಕ್ರಮ

ಇದಕ್ಕೆ ಪರಿಹಾರವನ್ನು ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಹಿಂದೆಯೇ ಒದಗಿಸಿದೆ. ಅದರ ಇ.164 ಎಂಬ ಶಿಫಾರಸಿನ ಪ್ರಕಾರ ಪೂರ್ಣ ಸಂಖ್ಯೆಯು ದೇಶ ಸಂಕೇತದಿಂದ ಆರಂಭವಾಗಬೇಕು. ದೇಶ ಸಂಕೇತವು ಒಂದರಿಂದ ಮೂರು ಅಂಕಿಯದ್ದು. ಎಲ್ಲ ಸೇರಿ 15 ಅಂಕಿಗಳನ್ನು ಮೀರಬಾರದು. ಮುಂದೆ ಬರೆಯುವ ಅಧಿಕ ಚಿಹ್ನೆಯು ಕರೆ ಮಾಡುವವರು ತಮ್ಮ ದೇಶದ ಹೊರಕರೆ ಸಂಕೇತವನ್ನು ಒತ್ತಬೇಕೆಂಬುದರ ಗುರುತು. ಭಾರತದಲ್ಲಿ ಅದು 00, ಅಮೆರಿಕದಲ್ಲಿ 011. ಆದ್ದರಿಂದ ದಾಖಲೆಯಲ್ಲಿ 00 ಬರೆಯದೆ ಅಧಿಕ ಚಿಹ್ನೆಯನ್ನೇ ಬರೆಯುವುದು ಲೇಸು.

ಸೊನ್ನೆಯ ವಿಷಯದಲ್ಲಿ ಎಚ್ಚರ ಬೇಕು. ಬ್ರಿಟನ್ನಿನವರು ತಮ್ಮೊಳಗೆ 07700 900123 ಎಂದು ಬರೆಯುವುದು ಹೊರಗಿನವರಿಗೆ +44 7700 900123 ಆಗುತ್ತದೆ, ಸೊನ್ನೆ ಬಿಡಬೇಕು. ಬಾಗಲಕೋಟೆಯ ಸ್ಥಿರ ದೂರವಾಣಿಯೂ ಹಾಗೆಯೇ +91 8354 ಎಂದು ಆರಂಭವಾಗುತ್ತದೆ. ಆದರೆ ಇಟಲಿಯ ಸ್ಥಿರ ದೂರವಾಣಿಯಲ್ಲಿ +39ರ ನಂತರವೂ ಸೊನ್ನೆ ಉಳಿಯಬೇಕು. ಎಲ್ಲ ದೇಶಗಳಿಗೂ ಒಂದೇ ನಿಯಮವೆಂದು ಸೊನ್ನೆಯನ್ನು ತೆಗೆದುಹಾಕುವ ತಂತ್ರಾಂಶ ಇಟಲಿಯ ಗ್ರಾಹಕನನ್ನು ಕಳೆದುಕೊಳ್ಳುತ್ತದೆ.

ತಂತ್ರಾಂಶದಲ್ಲಿ ಮಾಡಬೇಕಾದುದು

1. ದೂರವಾಣಿಯ ಅಂಕಣವನ್ನು ಸಂಖ್ಯೆಯೆಂದು ಪರಿಗಣಿಸದೆ ಪಠ್ಯವೆಂದು ಇಡಬೇಕು. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅಧಿಕ ಚಿಹ್ನೆ ಸೇರಿ ಕನಿಷ್ಠ 16 ಅಕ್ಷರಗಳಿಗೆ ಸ್ಥಳವಿರಬೇಕು.

2. ದೇಶವನ್ನು ಆರಿಸುವ ಪಟ್ಟಿ ಇರಬೇಕು. ಅದರಲ್ಲಿ ಭಾರತ ಮೊದಲೇ ಆಯ್ಕೆಯಾಗಿದ್ದರೆ ಸ್ಥಳೀಯರಿಗೆ ಹೆಚ್ಚಿನ ಶ್ರಮವಿಲ್ಲ. +1 ಎಂಬುದು ಅಮೆರಿಕ, ಕೆನಡಾ ಎರಡಕ್ಕೂ ಸಲ್ಲುವುದರಿಂದ ವಿಳಾಸದ ದೇಶವನ್ನು ದೂರವಾಣಿಯಿಂದ ಊಹಿಸಬಾರದು.

3. ಪ್ರತಿ ದೇಶದ ಅಂಕಿಗಳ ಲೆಕ್ಕವನ್ನು ತಂತ್ರಜ್ಞರು ತಾವೇ ಬರೆಯಬೇಕಾಗಿಲ್ಲ. ಗೂಗಲ್ ಸಂಸ್ಥೆಯ ಲಿಬ್‌ಫೋನ್‌ನಂಬರ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ತಂತ್ರಾಂಶ ಕೊಳ್ಳುವಾಗ ಇದರ ಬಳಕೆಯ ಬಗ್ಗೆ ಕೇಳುವುದು ಒಳ್ಳೆಯದು.

4. ಕಚೇರಿಯ ಒಳಸಂಖ್ಯೆಗೆ, ಪಾಲಕರ ಹೆಸರಿಗೆ ಮತ್ತು ಅವರ ಸಂಬಂಧಕ್ಕೆ ಬೇರೆ ಬೇರೆ ಅಂಕಣಗಳಿರಬೇಕು.

5. ವಿದೇಶದಲ್ಲಿರುವ ಪಾಲಕರ ಜೊತೆಗೆ ಊರಿನಲ್ಲಿರುವ ಒಬ್ಬರ ಸಂಖ್ಯೆಯನ್ನೂ ಪಡೆಯಬೇಕು. ದೇಶದೊಳಗಿನ ಎಸ್‌ಎಂಎಸ್ ಸೇವೆಯ ಮೂಲಕ ವಿದೇಶಕ್ಕೆ ಸಂದೇಶ ಹೋಗುವುದೇ, ದರವೆಷ್ಟು ಎಂಬುದನ್ನು ಮೊದಲೇ ವಿಚಾರಿಸಬೇಕು.

ಎಕ್ಸೆಲ್ ಬಳಸುವವರಿಗೆ

ಸಾಮಾನ್ಯ ಕೋಶದಲ್ಲಿ ಸಂಖ್ಯೆಯನ್ನು ಬರೆದರೆ ಎಕ್ಸೆಲ್ ಮೊದಲ ಸೊನ್ನೆಯನ್ನೂ ಅಧಿಕ ಚಿಹ್ನೆಯನ್ನೂ ನುಂಗುತ್ತದೆ. 91 ಸೇರಿದ ಹನ್ನೆರಡು ಅಂಕಿಗಳನ್ನು ಸಂಕ್ಷಿಪ್ತ ಘಾತ ರೂಪದಲ್ಲಿ ತೋರಿಸುತ್ತದೆ. ಆ ರೂಪದಲ್ಲಿಯೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಕೊನೆಯ ಅಂಕಿಗಳು ಶಾಶ್ವತವಾಗಿ ಅಳಿಯುತ್ತವೆ. ಅಂಕಿ ಬರೆಯುವ ಮೊದಲೇ ಅಂಕಣವನ್ನು ಪಠ್ಯ ರೂಪಕ್ಕೆ ಬದಲಿಸುವುದು ಸುರಕ್ಷಿತ ಮಾರ್ಗ.

ತೆರಿಗೆ ಮತ್ತು ಕಾನೂನು

ಜಿಎಸ್‌ಟಿ ಇ-ಇನ್‌ವಾಯ್ಸ್‌ನಲ್ಲಿ ಖರೀದಿದಾರರ ದೂರವಾಣಿ ಕಡ್ಡಾಯವಲ್ಲ. ಕೊಟ್ಟರೆ 6ರಿಂದ 12 ಅಂಕಿಗಳಷ್ಟೇ ಇರಬೇಕು, ಚಿಹ್ನೆ ಸಲ್ಲದು. ಚೀನಾದ ಮೊಬೈಲ್ ಸಂಖ್ಯೆ ದೇಶ ಸಂಕೇತ 86 ಸೇರಿ 13 ಅಂಕಿಯಾಗುವುದರಿಂದ ಅಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಮೂಲ ದಾಖಲೆಯಲ್ಲಿ ಪೂರ್ಣ ಸಂಖ್ಯೆಯಿರಲಿ. ಇನ್‌ವಾಯ್ಸ್‌ಗೆ ಬೇಕಾದ ರೂಪವನ್ನು ಅದರಿಂದ ಪಡೆಯಬಹುದು, ಹಿಡಿಸದಿದ್ದರೆ ಖಾಲಿ ಬಿಡಬಹುದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ವಿವರ ಪಡೆಯಲು ಪಾಲಕರ ದೃಢೀಕೃತ ಒಪ್ಪಿಗೆ ಬೇಕು. ಮಕ್ಕಳ ಕುರಿತ ಹೊಣೆಯನ್ನು ಉಲ್ಲಂಘಿಸಿದರೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಅವಧಿ ನೀಡಲಾಗಿದೆ. ಒಪ್ಪಿಗೆ ಕೊಡಬೇಕಾದ ತಂದೆ ದುಬೈನಲ್ಲಿದ್ದರೆ ಅವರ ಸಂಖ್ಯೆ ಸರಿಯಿಲ್ಲದೆ ಆ ಒಪ್ಪಿಗೆಯನ್ನು ಪಡೆಯುವುದೂ ಕಷ್ಟ.

ಹಳೆಯ ದಾಖಲೆಗಳನ್ನು ಒಂದೇ ದಿನದಲ್ಲಿ ತಿದ್ದಬೇಕಾಗಿಲ್ಲ. ಎಲ್ಲ ಸಂಖ್ಯೆಗಳಿಗೂ ಕಣ್ಣುಮುಚ್ಚಿ 91 ಸೇರಿಸುವುದಂತೂ ಕೂಡದು. ವಿಳಾಸ ವಿದೇಶದ್ದಿರುವ, 8351, 8354 ಅಥವಾ 8357ರಿಂದ ಆರಂಭವಾಗುವ ದಾಖಲೆಗಳನ್ನು ಮೊದಲು ಬೇರ್ಪಡಿಸಿ, ವಾರ್ಷಿಕ ಚಂದಾ ನವೀಕರಣದ ವೇಳೆ ಸದಸ್ಯರಿಂದಲೇ ದೃಢಪಡಿಸಿಕೊಂಡರೆ ಸಾಕು. ಸರಕಿನ ದಾಸ್ತಾನನ್ನು ವರ್ಷಕ್ಕೊಮ್ಮೆ ಎಣಿಸುವ ವರ್ತಕನಿಗೆ ಇದು ಹೊಸ ಅಭ್ಯಾಸವೇನೂ ಆಗಲಾರದು.