ಕೌಬಾಯ್ ಚಿತ್ರಗಳ ಅರ್ಥಶಾಸ್ತ್ರ

ಕಲೆಯ ಚರ್ಚೆಯಲ್ಲಿ ಹಣದ ಮಾತೆತ್ತುವುದು ಅಭಿರುಚಿಹೀನತೆ ಎಂಬ ಭಾವನೆ ವಿದ್ಯಾವಂತರಲ್ಲಿ ಸಾಮಾನ್ಯ. ಸಿನಿಮಾದ ಮಟ್ಟಿಗಂತೂ ಈ ಸಂಕೋಚಕ್ಕೆ ಅರ್ಥವಿಲ್ಲ. ಅದು ಹುಟ್ಟಿನಿಂದಲೇ ಕಲೆಯೂ ಹೌದು, ಉದ್ಯಮವೂ ಹೌದು. ಇದಕ್ಕೆ ಒಳ್ಳೆಯ ನಿದರ್ಶನ, 1930ರ ದಶಕದಿಂದ 1950ರ ದಶಕದ ಮಧ್ಯಭಾಗದವರೆಗೆ ಹಾಲಿವುಡ್ ನೂರಾರು ಸಂಖ್ಯೆಯಲ್ಲಿ ತಯಾರಿಸಿದ ಅಗ್ಗದ ಕೌಬಾಯ್ ಚಿತ್ರಗಳು. ಚಿತ್ರರಂಗದ ಪರಿಭಾಷೆಯಲ್ಲಿ ಇವು ‘ಬಿ ವೆಸ್ಟರ್ನ್’ಗಳು. ವಿಮರ್ಶಕರು ಇವನ್ನು ಬಹುಕಾಲ ಗಂಭೀರವಾಗಿ ಪರಿಗಣಿಸಲಿಲ್ಲ. ಆದರೆ ಇವುಗಳ ಏಳುಬೀಳಿನಲ್ಲಿ ಸಾರ್ವಜನಿಕ ನೀತಿಯ ಬಗ್ಗೆ ಯೋಚಿಸುವವರು ಗಮನಿಸಬೇಕಾದ ಸಂಗತಿಗಳಿವೆ.

1929ರ ಮಹಾ ಆರ್ಥಿಕ ಕುಸಿತದ ನಂತರ ಅಮೆರಿಕದ ಚಿತ್ರಮಂದಿರಗಳಿಗೆ ಪ್ರೇಕ್ಷಕರ ಕೊರತೆ ಎದುರಾಯಿತು. ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಆಗ ವ್ಯಾಪಕವಾಯಿತು. ಮೊದಲ ದರ್ಜೆಯ ಚಿತ್ರಕ್ಕೆ ಮಂದಿರದ ಮಾಲೀಕರು ಸಾಮಾನ್ಯವಾಗಿ ಗಳಿಕೆಯಲ್ಲಿ ಪಾಲು ಕೊಡುತ್ತಿದ್ದರು. ಜೊತೆಯ ಎರಡನೆಯ ಚಿತ್ರಕ್ಕೆ ಕೊಡುತ್ತಿದ್ದುದು ನಿಗದಿತ ಬಾಡಿಗೆ ಮಾತ್ರ. ಈ ಚಿತ್ರಗಳ ಅರ್ಥಶಾಸ್ತ್ರವೆಲ್ಲ ಈ ವ್ಯತ್ಯಾಸದಲ್ಲಿ ಅಡಗಿದೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ವರಮಾನ ಹೆಚ್ಚುವಂತಿರಲಿಲ್ಲ, ಸಾಧಾರಣವಾಗಿದ್ದರೂ ತಗ್ಗುತ್ತಿರಲಿಲ್ಲ. ಹೀಗಾಗಿ ನಿರ್ಮಾಪಕನ ಲಾಭವೆಲ್ಲ ವೆಚ್ಚದ ಹಿಡಿತದಲ್ಲಿತ್ತು.

ಆ ಹಿಡಿತಕ್ಕೆ ಕೌಬಾಯ್ ಕಥೆಯಷ್ಟು ಒಗ್ಗುವ ವಸ್ತು ಇನ್ನೊಂದಿರಲಿಲ್ಲ. ಬಿಸಿಲು, ಬಂಡೆ, ಬಯಲು ಪುಕ್ಕಟೆಯಾಗಿ ದೊರೆಯುತ್ತಿದ್ದವು. ಲಾಸ್ ಏಂಜಲೀಸ್ ಸಮೀಪದ ಐವರ್ಸನ್ ರ‍್ಯಾಂಚ್, ತುಸು ದೂರದ ಲೋನ್ ಪೈನ್ ಪರಿಸರದ ಬೆಟ್ಟಗಳು ಮತ್ತೆ ಮತ್ತೆ ತೆರೆಯ ಮೇಲೆ ಬಂದವು. ಒಂದು ಚಿತ್ರಕ್ಕೆ ತೆಗೆದ ಕುದುರೆಗಳ ಓಟ ಮತ್ತೊಂದರಲ್ಲಿ ಕಾಣಿಸಿಕೊಳ್ಳುತ್ತಿತ್ತು. ಸುಮಾರು ಒಂದು ಗಂಟೆಯ ಚಿತ್ರವನ್ನು ಹಲವೊಮ್ಮೆ ಒಂದೇ ವಾರದಲ್ಲಿ ಮುಗಿಸುತ್ತಿದ್ದರು. 1935ರಲ್ಲಿ ಹರ್ಬರ್ಟ್ ಯೇಟ್ಸ್ ಹಲವು ಸಣ್ಣ ಕಂಪೆನಿಗಳನ್ನು ಕೂಡಿಸಿ ರಿಪಬ್ಲಿಕ್ ಪಿಕ್ಚರ್ಸ್ ಸ್ಥಾಪಿಸಿದರು. ಅವರು ಮೂಲತಃ ಫಿಲಂ ಸಂಸ್ಕರಣಾಲಯದ ಒಡೆಯರು. ಆ ಕಂಪೆನಿಗಳು ಅವರಿಗೆ ಸಾಲಗಾರರು! ಗಾಯಕ ನಟರಾದ ಜೀನ್ ಆಟ್ರಿ, ರಾಯ್ ರೋಜರ್ಸ್ ಈ ಸಂಸ್ಥೆಯಿಂದಲೇ ಮನೆಮಾತಾದರು.

ಅಗ್ಗದ ಈ ಕಾರ್ಖಾನೆ ಒಂದು ತರಬೇತಿ ಶಾಲೆಯೂ ಆಗಿತ್ತು. 1930ರಲ್ಲಿ ‘ದಿ ಬಿಗ್ ಟ್ರೇಲ್’ ಎಂಬ ದುಬಾರಿ ಚಿತ್ರ ನೆಲಕಚ್ಚಿದ ಮೇಲೆ ಅದರ ನಾಯಕ ಜಾನ್ ವೇನ್ ದಶಕದ ಬಹುಭಾಗವನ್ನು ಇಂಥ ಚಿತ್ರಗಳಲ್ಲೇ ಕಳೆದರು. 1939ರಲ್ಲಿ ಜಾನ್ ಫೋರ್ಡ್ ಅವರ ‘ಸ್ಟೇಜ್‌ಕೋಚ್’ ಅವರನ್ನು ಮೇಲೆತ್ತಿದಾಗ ಆ ಅನುಭವ ಬೆನ್ನಿಗಿತ್ತು. ಅದೇ ಚಿತ್ರದಲ್ಲಿ ಓಡುವ ಕುದುರೆಗಳ ನಡುವೆ ಬಿದ್ದು ಗಾಡಿಯ ಅಡಿಯಿಂದ ಪಾರಾಗುವ ಸಾಹಸ ಮಾಡಿದ ಯಾಕಿಮಾ ಕನಟ್ ಕೂಡ ಈ ಗರಡಿಯಲ್ಲೇ ಪಳಗಿದವರು. 1959ರ ‘ಬೆನ್‌ಹರ್’ ಚಿತ್ರದ ಪ್ರಸಿದ್ಧ ರಥಸ್ಪರ್ಧೆಯ ಚಿತ್ರೀಕರಣದಲ್ಲೂ ಅವರದು ಪ್ರಮುಖ ಪಾತ್ರ.

ಹಾಗೆಂದು ಈ ಚಿತ್ರಗಳನ್ನು ವೈಭವೀಕರಿಸಬೇಕಾಗಿಲ್ಲ. ಅಮೆರಿಕದ ಮೂಲನಿವಾಸಿಗಳು ಇವುಗಳಲ್ಲಿ ಬಹುಪಾಲು ಗುಂಡಿಗೆ ಬಲಿಯಾಗುವ ಗುಂಪಾಗಿಯೇ ಉಳಿದರು. ನಿಜಜೀವನದ ಕೌಬಾಯ್‌ಗಳಲ್ಲಿ ಕರಿಯರು ಗಣನೀಯವಾಗಿದ್ದರೂ ತೆರೆಯ ಮೇಲೆ ಅವರಿಗೆ ಸ್ಥಾನವಿರಲಿಲ್ಲ. ಆದರೆ ಈ ಲೋಪಕ್ಕೆ ಉತ್ತರ ಬಂದುದು ಕೂಡ ಅಗ್ಗದ ಚಿತ್ರಗಳಿಂದಲೇ. ವರ್ಣಭೇದದ ಆ ದಿನಗಳಲ್ಲಿ ಕರಿಯ ಪ್ರೇಕ್ಷಕರಿಗಾಗಿ 1937ರಲ್ಲಿ ‘ಹಾರ್ಲೆಮ್ ಆನ್ ದ ಪ್ರೇರಿ’, 1939ರಲ್ಲಿ ‘ದಿ ಬ್ರಾಂಜ್ ಬಕರೂ’ ತಯಾರಾದವು. ಎರಡರಲ್ಲೂ ನಾಯಕ ಗಾಯಕ ಹರ್ಬ್ ಜೆಫ್ರೀಸ್. ಬಂಡವಾಳ ಕಡಿಮೆಯಿದ್ದಲ್ಲಿ ಅವಕಾಶವಂಚಿತರ ಪ್ರವೇಶವೂ ಸ್ವಲ್ಪ ಸುಲಭ ಎಂಬುದನ್ನು ಇದು ತೋರಿಸುತ್ತದೆ.

ಈ ವ್ಯವಸ್ಥೆ ಕುಸಿದುದು ಹೇಗೆ? 1948ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ಯಾರಾಮೌಂಟ್ ಪ್ರಕರಣದಲ್ಲಿ ಚರಿತ್ರಾರ್ಹ ತೀರ್ಪು ನೀಡಿತು. ಒಂದು ಒಳ್ಳೆಯ ಚಿತ್ರ ಬೇಕೆಂದರೆ ಹತ್ತಾರು ಸಾಧಾರಣ ಚಿತ್ರಗಳನ್ನೂ ಗಂಟಾಗಿ ಕೊಳ್ಳಬೇಕೆಂಬ ದೊಡ್ಡ ಸ್ಟುಡಿಯೋಗಳ ಕರಾರು ಕಾನೂನುಬಾಹಿರವಾಯಿತು. ಸ್ಟುಡಿಯೋಗಳು ತಮ್ಮ ಚಿತ್ರಮಂದಿರಗಳನ್ನು ಬೇರ್ಪಡಿಸಬೇಕಾಯಿತು. ತೀರ್ಪು ನ್ಯಾಯಯುತವಾದುದೇ, ಸಣ್ಣ ಮಂದಿರಗಳ ಹಿತವೇ ಅದರ ಆಶಯಗಳಲ್ಲೊಂದು. ಆದರೆ ಖಚಿತ ಮಾರುಕಟ್ಟೆ ಕಳೆದುಕೊಂಡ ದೊಡ್ಡ ಸ್ಟುಡಿಯೋಗಳು ಅಗ್ಗದ ಚಿತ್ರಗಳನ್ನು ಕೈಬಿಟ್ಟು, ಕಡಿಮೆ ಸಂಖ್ಯೆಯ ದುಬಾರಿ ಚಿತ್ರಗಳತ್ತ ವಾಲಿದವು. ಇದರೊಂದಿಗೇ ಟೆಲಿವಿಷನ್ ಬಂದಿತು. 1950ರಲ್ಲಿ ನೂರಕ್ಕೆ ಹತ್ತು ಮನೆಗಳಲ್ಲೂ ಇರದಿದ್ದ ಟಿ.ವಿ., 1960ರ ಹೊತ್ತಿಗೆ ಹತ್ತರಲ್ಲಿ ಒಂಬತ್ತರ ಸಮೀಪ ಮನೆಗಳನ್ನು ತಲುಪಿತು. ನೆರೆಹೊರೆಯ ಸಣ್ಣ ಚಿತ್ರಮಂದಿರಗಳು ಮೊದಲು ಬಾಗಿಲು ಹಾಕಿದವು.

ಬದಲಾವಣೆಯ ಗಾಳಿಯನ್ನು ಮೊದಲೇ ಗುರುತಿಸಿದವರು ವಿಲಿಯಂ ಬಾಯ್ಡ್. ತಾವು ನಟಿಸಿದ ‘ಹಾಪಲಾಂಗ್ ಕ್ಯಾಸಿಡಿ’ ಚಿತ್ರಗಳ ಹಕ್ಕನ್ನು ಸ್ವಂತ ಆಸ್ತಿ ಮಾರಿ ಕೊಂಡುಕೊಂಡು, 1949ರಲ್ಲಿ ಅವನ್ನು ಟೆಲಿವಿಷನ್ನಿಗೆ ತಂದು ಅಪಾರ ಸಂಪತ್ತು ಗಳಿಸಿದರು. ರಾಯ್ ರೋಜರ್ಸ್ ಹಾದಿ ಬೇರೆಯಾಗಿತ್ತು. ತಮ್ಮ ಹಳೆಯ ಚಿತ್ರಗಳನ್ನು ರಿಪಬ್ಲಿಕ್ ಸಂಸ್ಥೆ ಟೆಲಿವಿಷನ್ನಿಗೆ ಕೊಡದಂತೆ 1951ರಲ್ಲಿ ನ್ಯಾಯಾಲಯದ ಮೊರೆಹೊಕ್ಕು ಗೆದ್ದರಾದರೂ 1954ರಲ್ಲಿ ಮೇಲ್ಮನವಿಯಲ್ಲಿ ಸೋತರು. ದುಡಿದವನಿಗೂ ಒಡೆಯನಿಗೂ ನಡುವೆ ಹೊಸ ತಂತ್ರಜ್ಞಾನ ತರುವ ವ್ಯಾಜ್ಯ ಅಂದಿನಿಂದಲೂ ಮುಗಿದಿಲ್ಲ.

ಮಿತವ್ಯಯದ ಕೌಬಾಯ್ ಚಿತ್ರ ಕಲೆಯ ಎತ್ತರಕ್ಕೆ ಏರಿದುದು ಅದರ ಮಾರುಕಟ್ಟೆ ಅಳಿಯುತ್ತಿದ್ದಾಗ ಎಂಬುದು ವಿಧಿಯ ವ್ಯಂಗ್ಯ. 1956ರಿಂದ 1960ರವರೆಗೆ ನಿರ್ದೇಶಕ ಬಡ್ ಬೋಟಿಕರ್, ನಟ ರ‍್ಯಾಂಡಾಲ್ಫ್ ಸ್ಕಾಟ್ ಜೊತೆಯಾಗಿ ‘ಸೆವೆನ್ ಮೆನ್ ಫ್ರಮ್ ನೌ’, ‘ದಿ ಟಾಲ್ ಟಿ’, ‘ರೈಡ್ ಲೋನ್‌ಸಮ್’ ಮೊದಲಾದ ಏಳು ಚಿತ್ರಗಳನ್ನು ನೀಡಿದರು. ಇವುಗಳಲ್ಲಿ ಅತ್ಯುತ್ತಮವಾದವನ್ನು ಬರೆದವರು ಬರ್ಟ್ ಕೆನಡಿ. ಅವುಗಳಲ್ಲಿ ಬೆರಳೆಣಿಕೆಯ ಪಾತ್ರಗಳು, ಒಂದಿಷ್ಟು ಕುದುರೆಗಳು, ಲೋನ್ ಪೈನ್‌ನ ಬಂಡೆಗಳು, ಒಂದೂಕಾಲು ಗಂಟೆಯ ಅವಧಿ. ಸೇಡು, ಒಂಟಿತನ, ಮಾತಿಗೆ ತಪ್ಪದ ಛಲ, ಖಳನಲ್ಲೂ ಇರುವ ಮಾನವೀಯತೆ ಇವೆಲ್ಲ ಆ ಮಿತಿಯೊಳಗೆ ಮೂಡಿಬಂದವು. ಫ್ರಾನ್ಸಿನ ಶ್ರೇಷ್ಠ ವಿಮರ್ಶಕ ಆಂದ್ರೆ ಬಾಜಾನ್ 1957ರಲ್ಲೇ ‘ಸೆವೆನ್ ಮೆನ್ ಫ್ರಮ್ ನೌ’ ಚಿತ್ರವನ್ನು ಮಾದರಿ ವೆಸ್ಟರ್ನ್ ಎಂದು ಗುರುತಿಸಿದ್ದರು. ಆದರೂ ಆ ಚಿತ್ರ ದಶಕಗಳ ಕಾಲ ಕಣ್ಮರೆಯಾಗಿದ್ದು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಿತ್ರಾಗಾರ ಅದನ್ನು ಪುನರುಜ್ಜೀವನಗೊಳಿಸಿ 2000ದಲ್ಲಿ ಮತ್ತೆ ತೆರೆಗೆ ತಂದಿತು. ಅದೇ ವರ್ಷ ‘ದಿ ಟಾಲ್ ಟಿ’ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಎಲ್ಲ ಚಿತ್ರಗಳಿಗೂ ಈ ಭಾಗ್ಯವಿಲ್ಲ. ಅಂದಿನ ಕಾನೂನಿನಂತೆ ಇಪ್ಪತ್ತೆಂಟು ವರ್ಷಗಳ ಬಳಿಕ ಹಕ್ಕುಸ್ವಾಮ್ಯ ನವೀಕರಿಸಬೇಕಿತ್ತು. ಎಷ್ಟೋ ಅಗ್ಗದ ಚಿತ್ರಗಳಿಗೆ ಆ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವು ಸಾರ್ವಜನಿಕ ಸ್ವತ್ತಾದವು. ಮಸುಕಾದ ಪ್ರತಿಗಳನ್ನು ಯಾರು ಬೇಕಾದರೂ ಮಾರಬಹುದು. ಹಾಗಿರುವಾಗ ಹಣ ಹಾಕಿ ಮೂಲ ಪ್ರತಿಯನ್ನು ಸರಿಪಡಿಸಿದವನಿಗೆ ಪ್ರತಿಫಲದ ಭರವಸೆಯಿಲ್ಲ. ಎಲ್ಲರಿಗೂ ಸೇರಿದ್ದು ಯಾರ ಹೊಣೆಯೂ ಆಗದೆಂಬ ಅರ್ಥಶಾಸ್ತ್ರದ ಹಳೆಯ ಸಮಸ್ಯೆಯೇ ಇದು. ಇಲ್ಲಿ ಪರಿಹಾರವೆಂದರೆ ಸಾರ್ವಜನಿಕ ಚಿತ್ರಾಗಾರ ಮಾತ್ರ.

ಏಕಸ್ವಾಮ್ಯವನ್ನು ಮುರಿಯುವುದು ಸರ್ಕಾರದ ಕರ್ತವ್ಯವೇ ಸರಿ. ಆದರೆ ಆ ಏಕಸ್ವಾಮ್ಯದ ನೆರಳಿನಲ್ಲಿ ಬದುಕಿದ್ದ ಸಣ್ಣ ಉದ್ಯೋಗಗಳು, ಕಲಿಕೆಯ ತಾಣಗಳು ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಸುಧಾರಣೆಯ ಕರಡು ಸಿದ್ಧವಾಗುವಾಗಲೇ ಅವುಗಳ ಎಣಿಕೆಯೂ ಆಗಬೇಕು. ಅವು ಕಳೆದುಹೋದ ಮೇಲೆ ಬೆಲೆ ಕಟ್ಟುವುದು ಇತಿಹಾಸಕಾರನ ಕೆಲಸವಾಗುತ್ತದೆಯೇ ಹೊರತು ಆಡಳಿತಗಾರನದಲ್ಲ.