ಭೇಟಿಗೆ ಮುನ್ನ ಒಂದು ಪತ್ರ

ಏರೋ ಇಂಡಿಯಾ 2025ರ ಐದು ದಿನಗಳಲ್ಲಿ ವ್ಯವಹಾರಕ್ಕೆ ಮೀಸಲಾಗಿದ್ದುದು ಮೊದಲ ಮೂರು ದಿನ ಮಾತ್ರ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ಈ ವೈಮಾನಿಕ ಪ್ರದರ್ಶನದಲ್ಲಿ ವಿದೇಶಿ ಕಂಪನಿಯ ಖರೀದಿ ಅಧಿಕಾರಿಯನ್ನು ಕಾಣಬಯಸುವ ಪೀಣ್ಯದ ಬಿಡಿಭಾಗ ತಯಾರಕ ಮೊದಲೇ ಪತ್ರ ಬರೆಯುವುದು ದುಡುಕಲ್ಲ, ಅನಿವಾರ್ಯ. ಆದರೆ ಕೈಗೆ ಸಿಕ್ಕ ಪಟ್ಟಿಯಲ್ಲಿದ್ದವರಿಗೆಲ್ಲ ಒಂದೇ ಇ-ಮೇಲ್, ಜೊತೆಗೊಂದು ದಪ್ಪ ಕ್ಯಾಟಲಾಗ್ ರವಾನಿಸಿದರೆ ಓದುವವರಾರು? ಎಎಸ್ 9100 ಗುಣಮಟ್ಟ ಪ್ರಮಾಣಪತ್ರವಿದ್ದರೆ ಮೊದಲ ಸಾಲಿನಲ್ಲೇ ಹೇಳಬೇಕು. ವಿಮಾನೋದ್ಯಮದಲ್ಲಿ ಅದಿಲ್ಲದೆ ಮಾತು ಮುಂದುವರಿಯುವುದು ಕಷ್ಟ. ಯಾವ ಬಿಡಿಭಾಗವನ್ನು ಎಷ್ಟು ನಿಖರವಾಗಿ ತಯಾರಿಸಬಲ್ಲೆವು, ಅದು ಅವರಿಗೇ ಏಕೆ ಬೇಕಾದೀತು ಎಂಬ ವಿವರದೊಡನೆ ಕೇಳಬೇಕಾದದ್ದು ಆರ್ಡರನ್ನಲ್ಲ, 15 ನಿಮಿಷಗಳ ಭೇಟಿಯನ್ನು. ಉತ್ತರ ಬಾರದಿದ್ದರೆ ವಾರದ ಬಳಿಕ ಒಮ್ಮೆ ನೆನಪಿಸಬಹುದು. ಆಮೇಲೂ ಮೌನವೇ ಆದರೆ ಪ್ರದರ್ಶನದಲ್ಲಿ ಅವರ ಮಳಿಗೆಗೇ ಹೋಗಿ ವಿಸಿಟಿಂಗ್ ಕಾರ್ಡ್ ಕೊಟ್ಟು ಬರಬೇಕೇ ಹೊರತು, ವಾಟ್ಸ್ಆ್ಯಪ್‌ನಲ್ಲಿ ಬೆನ್ನು ಹತ್ತಬಾರದು.